ಹದಿನೈದು ಸಾವಿರ ಮಕ್ಕಳ ಅಜ್ಜಿ

ತುಮಕೂರಿನಿಂದ ಉತ್ತರಕ್ಕೆ ಹೊರಟ ಬಸ್ಸು ಕೊರಟಗೆರೆಯನ್ನು ದಾಟಿ, ಮಧುಗಿರಿಯ ಏಕಶಿಲಾ ಬೆಟ್ಟವನ್ನು ಹಿಂದೆ ಬಿಟ್ಟು ಮುಂದುವರಿದಾಗ, ಹೊಸ ಪ್ರಯಾಣಿಕನಿಗೆ ಒಂದು ವಿಚಿತ್ರ ಅನುಭವವಾಗುತ್ತದೆ. ಅದುವರೆಗೆ ಕನ್ನಡ ನಾಡಿನಲ್ಲಿದ್ದ ದಾರಿ ಆಂಧ್ರದ ಮಡಕಶಿರ ಸೀಮೆಯನ್ನು ಹೊಕ್ಕು, ತೆಲುಗು ಫಲಕಗಳ ನಡುವೆ ಕೊಂಚ ದೂರ ಸಾಗಿ, ಮತ್ತೆ ಕರ್ನಾಟಕಕ್ಕೆ ಮರಳುತ್ತದೆ. ತನ್ನದೇ ಜಿಲ್ಲೆಯ ಕೇಂದ್ರವನ್ನು ಸೇರಲು ಪರರಾಜ್ಯದ ನೆಲವನ್ನು ತುಳಿಯಬೇಕಾದ ಈ ತಾಲ್ಲೂಕು ಪಾವಗಡ. ನಕ್ಷೆಯನ್ನು ಬಿಡಿಸಿ ನೋಡಿದರೆ, ನೆರೆಮನೆಯವಳ ಮಡಿಲಲ್ಲಿ ಕುಳಿತ ಕೂಸಿನಂತೆ ಅದು ತೋರುತ್ತದೆ.

ಪಾವಗಡವೆಂದೊಡನೆ ದೂರದವರಿಗೆ ನೆನಪಾಗುವುದು ಶನಿಮಹಾತ್ಮನ ಗುಡಿ. ಶನಿವಾರ ಬಂತೆಂದರೆ ಎರಡು ರಾಜ್ಯಗಳ ಭಕ್ತರೂ ಅಲ್ಲಿ ನೆರೆಯುತ್ತಾರೆ. ಊರಿನ ಬೆನ್ನಿಗೆ ಪಾಳೆಯಗಾರರ ಕಾಲದ ಕೋಟೆಯುಳ್ಳ ಬೆಟ್ಟವಿದೆ. ತೆಲುಗಿನಲ್ಲಿ ಹಾವಿಗೆ ‘ಪಾಮು’ ಎನ್ನುವರು. ಆ ಶಬ್ದದಿಂದಲೇ ಊರಿಗೆ ಈ ಹೆಸರು ಬಂದಿತೆಂದು ಹೇಳುವುದುಂಟು. ಬೆಟ್ಟವನ್ನು ಇಳಿದು ಹಳ್ಳಿಗಳ ಕಡೆಗೆ ಹೊರಟರೆ ಬಂಡೆಗಳು, ಬಯಲು, ಕಡಲೆಕಾಯಿಯ ಹೊಲಗಳು. ಮಳೆಯೆಂಬುದು ಇಲ್ಲಿ ಕರೆದಾಗ ಬರುವ ಅತಿಥಿಯಲ್ಲ. ಕೊಳವೆಬಾವಿಯಿಂದ ಎತ್ತಿದ ನೀರಿನಲ್ಲಿಯೂ ಫ್ಲೋರೈಡಿನ ದೋಷ. ಅದನ್ನು ಕುಡಿದವರ ಹಲ್ಲು ಕಂದಿ, ಮೂಳೆ ಬಾಗಿದುದನ್ನು ಈ ಸೀಮೆ ಬಹುಕಾಲದಿಂದ ಕಂಡಿದೆ.

ಈ ತಾಲ್ಲೂಕಿನ ಕೃಷ್ಣಾಪುರ ಯಾತ್ರಾಸ್ಥಳವಲ್ಲ. ಆದರೂ ಅದರ ಹೆಸರು ದೆಹಲಿಯವರೆಗೆ ಹೋಯಿತು. ಹೋದದ್ದು ಒಬ್ಬ ಅಜ್ಜಿಯ ಹೆಸರಿನೊಡನೆ. ಅವರು ಸೂಲಗಿತ್ತಿ ನರಸಮ್ಮನವರು.

1920ರಲ್ಲಿ ಹುಟ್ಟಿದ ನರಸಮ್ಮನವರಿಗೆ ಅಕ್ಷರ ಬಾರದು. ಮನೆಯ ಮಾತು ತೆಲುಗು. ಹನ್ನೆರಡನೆಯ ವಯಸ್ಸಿಗೆ ಮದುವೆಯಾಯಿತು. ಮುಂದೆ 12 ಮಕ್ಕಳನ್ನು ಹೆತ್ತರು. ಅವರಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು. ಅವರ ಐದು ಹೆರಿಗೆಗಳನ್ನು ಮಾಡಿಸಿದವರು ಅವರ ಅಜ್ಜಿಯೇ. ವಿದ್ಯೆ ಬಂದದ್ದೂ ಆ ಅಜ್ಜಿಯಿಂದಲೇ. ಗ್ರಂಥವಿಲ್ಲ, ಶಾಲೆಯಿಲ್ಲ, ನೋವು ತಿನ್ನುವವಳ ಪಕ್ಕದಲ್ಲಿ ಕುಳಿತು ಹಿರಿಯಳ ಕೈ ಏನು ಮಾಡುತ್ತದೆಂಬುದನ್ನು ನೋಡಿ ಕಲಿಯಬೇಕು. ಎಷ್ಟೋ ಸಲ ಆ ನೋವು ತನ್ನದೇ ಆಗಿತ್ತು! 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಬಂಧುವೊಬ್ಬರ ಹೆರಿಗೆಗೆ ನೆರವಾದಲ್ಲಿಂದ ಅವರ ಕಾಯಕ ಮೊದಲಾಯಿತು.

ಊರಿಗೆ ಬಂದು ಬಿಡಾರ ಹೂಡುತ್ತಿದ್ದ ಅಲೆಮಾರಿ ಜನರ ಹೆಂಗಸರಿಗೂ ನರಸಮ್ಮನವರು ನೆರವಾಗುತ್ತಿದ್ದರು. ಬಸುರಿ ಬಾಣಂತಿಯರಿಗೆ ಕೊಡುವ ಗಿಡಮೂಲಿಕೆಗಳ ತಿಳಿವಳಿಕೆ ಅವರಿಗೆ ದೊರೆತದ್ದು ಈ ಜನರಿಂದಲೇ. ಇಂದು ಇಲ್ಲಿ, ನಾಳೆ ಎಲ್ಲಿಯೋ ಎಂಬಂತೆ ಬದುಕುವವರು ತಮ್ಮ ಅರಿವಿನ ಒಂದು ಪಾಲನ್ನು ಹೀಗೆ ಒಂದು ಹಳ್ಳಿಯ ಹೆಂಗಸಿನಲ್ಲಿ ಬಿಟ್ಟುಹೋದರು.

ಬಸುರಿಯ ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ನಾಡಿಮಿಡಿತವನ್ನೂ ತಲೆ ಯಾವ ಕಡೆಗಿದೆಯೆಂಬುದನ್ನೂ ಅವರು ಹೇಳಬಲ್ಲವರಾಗಿದ್ದರು. ಅವರು ಮಾಡಿಸಿದ ಹೆರಿಗೆಗಳು 15,000ಕ್ಕೂ ಹೆಚ್ಚೆಂದು ಲೆಕ್ಕ. ಎಪ್ಪತ್ತು ವರ್ಷಗಳ ದುಡಿಮೆಯೆಂದು ಹಿಡಿದರೂ ವರ್ಷಕ್ಕೆ ಇನ್ನೂರಕ್ಕೆ ಮಿಕ್ಕಿ, ವಾರಕ್ಕೆ ನಾಲ್ಕು! ಹಗಲೆನ್ನದೆ ಇರುಳೆನ್ನದೆ ಕರೆ ಬರುವ ಕೆಲಸವಿದು. ಕೂಸು ಹೊತ್ತು ನೋಡಿ ಹುಟ್ಟುವುದಿಲ್ಲ. ಹಿಂದೆ ಹಳ್ಳಿಗಳಲ್ಲಿ ಹೆರಿಗೆಯಾದ ಮನೆಯವರು ಸೂಲಗಿತ್ತಿಗೆ ಮೊರದಲ್ಲಿ ಧಾನ್ಯ, ಎಲೆ ಅಡಿಕೆ, ಅನುಕೂಲವಿದ್ದರೆ ಸೀರೆ ಕೊಡುವುದು ರೂಢಿ. ನರಸಮ್ಮನವರು ಮಾತ್ರ ಈ ಕೆಲಸಕ್ಕೆ ಕೂಲಿ ಕೇಳಿದವರಲ್ಲ. ಇಷ್ಟಾಗಿಯೂ ಸೂಲಗಿತ್ತಿಯ ಪಾಡು ನಮ್ಮ ಸಮಾಜದಲ್ಲಿ ಒಂದು ಬಗೆಯದು. ನೋವು ಕಾಣಿಸಿಕೊಂಡಾಗ ಎಲ್ಲ ಜಾತಿಯವರ ಬಾಗಿಲೂ ಅವಳಿಗೆ ತೆರೆಯುತ್ತಿತ್ತು. ಮೈಲಿಗೆಯ ಲೆಕ್ಕಾಚಾರವೆಲ್ಲ ನೆನಪಾಗುತ್ತಿದ್ದುದು ಕೂಸು ಅತ್ತ ಮೇಲೆ.

ಪಾವಗಡದ ಗಡಿಯಲ್ಲಿ ಒಂದು ಮಾತಿನ ಸೊಗಸಿದೆ. ಕನ್ನಡದ ಹಳ್ಳಿಯವನು ‘ಅವ್ವ’ ಎಂದು ಕರೆಯುವುದು ಹೆತ್ತ ತಾಯಿಯನ್ನು. ರಾಯಲಸೀಮೆಯ ತೆಲುಗಿನವನು ‘ಅವ್ವ’ ಎಂದರೆ ಅಜ್ಜಿ. ಎರಡು ಭಾಷೆಗಳೂ ಒಂದೇ ಜಗಲಿಯ ಮೇಲೆ ಕುಳಿತು ಹರಟುವ ಊರುಗಳಲ್ಲಿ, ನರಸಮ್ಮನವರಂಥ ಹಿರಿಯಳಿಗೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತ ಹುಡುಕಿಯಾನು? ಮೂರು ತಲೆಮಾರಿನಷ್ಟು ಕಾಲ ದುಡಿದ ಕೈ ಅದು. ತಾನು ಮೊದಲು ಎತ್ತಿಕೊಂಡ ಹೆಣ್ಣುಕೂಸು ಬೆಳೆದು ತಾಯಿಯಾಗಿ, ಅವಳ ಮಗಳು ತಾಯಿಯಾಗುವಷ್ಟು ದೀರ್ಘವಾಗಿತ್ತು ಆ ಕಾಲ.

ಗೌರವಗಳು ಬಂದದ್ದು ತೊಂಬತ್ತು ದಾಟಿದ ಮೇಲೆ. 2012ರಲ್ಲಿ ದೇವರಾಜ ಅರಸು ಪ್ರಶಸ್ತಿ, 2013ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. ಮರುವರ್ಷ ತುಮಕೂರು ವಿಶ್ವವಿದ್ಯಾನಿಲಯ, ಶಾಲೆಯ ಮೆಟ್ಟಿಲು ಹತ್ತದ ಈ ಹೆಂಗಸಿಗೆ ಗೌರವ ಡಾಕ್ಟರೇಟ್ ನೀಡಿತು. 2018ರಲ್ಲಿ ಪದ್ಮಶ್ರೀ ಬಂದಿತು. ಅದೇ ವರ್ಷ ಡಿಸೆಂಬರ್ 25ರಂದು, ಶ್ವಾಸಕೋಶದ ಕಾಯಿಲೆಯಿಂದ ಬಳಲಿ, 98ನೆಯ ವಯಸ್ಸಿನಲ್ಲಿ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಕಣ್ಣುಮುಚ್ಚಿದರು. ಮಕ್ಕಳು ಮೊಮ್ಮಕ್ಕಳಿಗೆ ಹಿರಿಯ ಜೀವವೊಂದು ಇಲ್ಲವಾಯಿತು; ಅವರೊಡನೆ ಇಡೀ ತಾಲ್ಲೂಕೇ ದುಃಖಿಸಿತು.

ಸೂಲಗಿತ್ತಿಯನ್ನು ನೆನೆಯುವಾಗ ಹಳೆಯ ಕಾಲವೇ ಚೆಂದವಿತ್ತೆಂದು ಹೇಳಿಬಿಡುವುದು ಸುಲಭ. ಅದು ಸರಿಯಲ್ಲ. ವೈದ್ಯರು ಹತ್ತಿರವಿಲ್ಲದೆ ಹೆರಿಗೆಯಲ್ಲಿ ಅಳಿದ ತಾಯಂದಿರ, ಕಣ್ಣುಬಿಡುವ ಮೊದಲೇ ಹೋದ ಕೂಸುಗಳ ಲೆಕ್ಕವನ್ನು ಆ ಕಾಲ ಬರೆದಿಡಲಿಲ್ಲ, ಅಷ್ಟೆ. ನರಸಮ್ಮನವರ ಒಡಲೇ ನಾಲ್ಕು ಸಲ ಆ ಸಂಕಟವನ್ನು ಉಂಡಿತ್ತು. 2005ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ ಬಡ ಬಸುರಿಯರನ್ನು ಆಸ್ಪತ್ರೆಯ ಕಡೆಗೆ ಕರೆಯಿತು. 2008ರಿಂದ 108ರ ಆಂಬುಲೆನ್ಸ್ ಹಳ್ಳಿಯ ಬಾಗಿಲಿಗೆ ಬರತೊಡಗಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿಯೇ ಆಗುತ್ತಿದ್ದವು. ಇದು ಸಂತೋಷದ ಸಂಗತಿ. ಆದರೆ ಬಿಳಿಯ ಗೋಡೆಗಳ ನಡುವೆ ಹೆದರಿ ಮಲಗಿದ ಚೊಚ್ಚಲು ಬಸುರಿಯ ಬೆನ್ನು ನೀವುತ್ತ ರಾತ್ರಿಯೆಲ್ಲ ಕುಳಿತಿರುವ ಅಜ್ಜಿಯೊಬ್ಬಳಿಗೆ ಅಲ್ಲಿ ಜಾಗ ಮಾಡಿಕೊಡಬಹುದಾಗಿತ್ತು.

ಈಗ ಪಾವಗಡಕ್ಕೆ ಬರುವ ಪ್ರವಾಸಿಗಳು ಶನಿಮಹಾತ್ಮನ ದರ್ಶನ ಮುಗಿಸಿ, ತಿರುಮಣಿಯ ಕಡೆಗೆ ಹೋಗಿ ಸೌರವಿದ್ಯುತ್ತಿನ ಉದ್ಯಾನವನ್ನು ನೋಡಬಯಸುತ್ತಾರೆ. ಐದು ಹಳ್ಳಿಗಳ ರೈತರಿಂದ ಗೇಣಿಗೆ ಪಡೆದ ಸುಮಾರು 13,000 ಎಕರೆ ನೆಲದಲ್ಲಿ ಗಾಜಿನ ಹಲಗೆಗಳು ಕೆರೆಯ ನೀರಿನಂತೆ ಮಿನುಗುತ್ತವೆ. ಅಲ್ಲಿನ ಸಾಮರ್ಥ್ಯ 2,050 ಮೆಗಾವಾಟ್. ಬೆಳೆಯನ್ನು ಸುಟ್ಟ ಬಿಸಿಲೇ ದೂರದೂರದ ಊರುಗಳಿಗೆ ಬೆಳಕಾಗಿದೆ. ಈ ಉದ್ಯಾನ ಉದ್ಘಾಟನೆಯಾದುದೂ 2018ರಲ್ಲಿಯೇ. ಅದಕ್ಕೆ 78 ವರ್ಷಗಳ ಹಿಂದೆ, ವಿದ್ಯುತ್ತೆಂಬುದು ಹಳ್ಳಿಗಳಿಗೆ ಇನ್ನೂ ದೂರದ ಮಾತಾಗಿದ್ದಾಗ, ಇದೇ ಸೀಮೆಯ ಒಂದು ಮನೆಯೊಳಗೆ ಇಪ್ಪತ್ತು ವರ್ಷದ ನರಸಮ್ಮ ಮೊದಲ ಬಾರಿಗೆ ಪರರ ಕೂಸೊಂದಕ್ಕೆ ಕೈಯೊಡ್ಡಿದ್ದರು.