ಮಿದುಳಿದ್ದವರ ನಷ್ಟ

ನೆರಳಲ್ಲಿ ಕೊಳೆತ ಮರದ ಮೇಲೆ ಯಾರೋ ಅರಿಸಿನ ಕಲಸಿ ಚೆಲ್ಲಿದಂತೆ ಹರಡಿಕೊಳ್ಳುವ ಲೋಳೆಬೂಷ್ಟೊಂದಿದೆ. ಹೆಸರು ಫೈಸಾರಮ್. ಮಿದುಳಿಲ್ಲ, ನರವಿಲ್ಲ; ಅಂಗೈಯಗಲ ಬೆಳೆದರೂ ಇಡೀ ಮೈ ಒಂದೇ ಜೀವಕೋಶ. ಬೆಳಕು ಕಂಡರಾಗದು. ಗಂಟೆಗೆ ಒಂದೆರಡು ಸೆಂಟಿಮೀಟರ್ ತೆವಳಿದರೆ ಅದೇ ಹೆಚ್ಚು, ಅದೂ ಊಟದ ಕಡೆಗೆ. ಭಾನುವಾರಗಳಂದು ನನ್ನ ಬಗ್ಗೆ ಮನೆಯವರ ಅಭಿಪ್ರಾಯವೂ ಇದಕ್ಕಿಂತ ಬೇರೆಯಲ್ಲ.

2000ದಲ್ಲಿ ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಸಂಗಡಿಗರು ಪುಟ್ಟ ಚಕ್ರವ್ಯೂಹವೊಂದರ ತುಂಬ ಇದನ್ನು ಹರಡಿಸಿ, ಎರಡು ಬಾಗಿಲಲ್ಲಿ ಆಹಾರ ಇಟ್ಟರು. ಲೋಳೆ ಅಡ್ಡದಾರಿಗಳಿಂದ ಮೈ ಸೆಳೆದುಕೊಂಡು, ಹತ್ತಿರದ ದಾರಿಯೊಂದರಲ್ಲಷ್ಟೇ ಉಳಿಯಿತು. ಗುಟ್ಟು ಇಷ್ಟೇ: ರಸ ಹೆಚ್ಚು ಹರಿಯುವ ನಾಳ ದಪ್ಪವಾಗುತ್ತದೆ, ಹರಿಯದ್ದು ಸೊರಗುತ್ತದೆ. 2010ರಲ್ಲಿ ಟೋಕಿಯೊ ಸುತ್ತಲಿನ ಊರುಗಳ ಜಾಗದಲ್ಲಿ ಓಟ್ಸ್ ಕಾಳು ಇಟ್ಟಾಗ, ಅಲ್ಲಿನ ರೈಲುಮಾರ್ಗಕ್ಕೆ ಸಾಟಿಯಾದ ಜಾಲವನ್ನೇ ಹೆಣೆದು ತೋರಿಸಿತು. ಸಮಿತಿಯಿಲ್ಲ, ಟೆಂಡರಿಲ್ಲ, ಶಂಕುಸ್ಥಾಪನೆಗೆ ಮಂತ್ರಿಗಳೂ ಬರಲಿಲ್ಲ.

ಇದನ್ನೆಲ್ಲ ನಗುತ್ತಲೇ ಓದಿದೆ. ಮನಸ್ಸಿಗೆ ನಾಟಿದ್ದು 2012ರ ಸಿಡ್ನಿಯ ಪ್ರಯೋಗ. ಫೈಸಾರಮ್ ಹೋದಲ್ಲೆಲ್ಲ ತೆಳ್ಳಗೆ ಅಂಟು ಬಿಡುತ್ತದೆ. ಮುಂದೆ ಆ ಅಂಟು ತಗುಲಿದರೆ, ‘ಇಲ್ಲಿಗೆ ಬಂದಾಗಿದೆ, ಏನೂ ಉಳಿದಿಲ್ಲ’ ಎಂಬಂತೆ ಬೇರೆ ಕಡೆ ತಿರುಗುತ್ತದೆ. ನೆನಪನ್ನು ತಲೆಯಲ್ಲಿ ಹೊರುವ ರಗಳೆಯೇ ಇಲ್ಲ. ನೆಲದ ಮೇಲೆ ಒರೆಸಿಟ್ಟು ಮುಂದೆ ಹೋದರಾಯಿತು.

ನನ್ನ ಕಥೆ ನೋಡಿ. ಮೈಸೂರಿನಲ್ಲಿ ಓದುವಾಗ ಗೆಳೆಯರೊಂದಿಗೆ ಬೈಟು ಕಾಫಿ ಕುಡಿಯುತ್ತಿದ್ದ ಹೋಟೆಲು ಮುಚ್ಚಿ ಯಾವ ಕಾಲವಾಯಿತೋ. ಅಲ್ಲೀಗ ಮೊಬೈಲ್ ಅಂಗಡಿ. ಹಳೆಯ ಬಿಲ್ಲುಗಳನ್ನು ತಂತಿಗೆ ಚುಚ್ಚುತ್ತ, ತಲೆಯೆತ್ತದೆಯೇ ‘ಏನಪ್ಪಾ, ಪರೀಕ್ಷೆ ಹೇಗಾಯ್ತು?’ ಎನ್ನುತ್ತಿದ್ದ ಗಲ್ಲಾಪೆಟ್ಟಿಗೆಯ ರಾಯರಿಲ್ಲ. ಅರ್ಧ ಲೋಟ ನನ್ನ ಕಡೆ ಸರಿಸುತ್ತಿದ್ದವನೂ ಇಲ್ಲ. ಆದರೂ ಆ ಊರಿಗೆ ಹೋದಾಗಲೆಲ್ಲ ಕಾಲು ಅತ್ತಲೇ ಎಳೆಯುತ್ತದೆ. ಬೇಡದ ಚಾರ್ಜರಿನ ಬೆಲೆ ಕೇಳಿಕೊಂಡು ಬರುತ್ತೇನೆ. ‘ಅಲ್ಲೇನಿದೆ ಅಂತ ಹೋಗ್ತೀರಿ?’ ಎನ್ನುತ್ತಾಳೆ ಹೆಂಡತಿ. ಲೋಳೆಯೂ ಕೇಳುವ ಪ್ರಶ್ನೆಯೇ.

ಫಲವಿಲ್ಲದ ದಾರಿ ಸೊರಗಬೇಕು ಎನ್ನುವುದು ಫೈಸಾರಮ್‌ನ ಲೆಕ್ಕ. ನನ್ನೊಳಗೆ ಏನೂ ಸಿಗದ ದಾರಿಯೇ ವರ್ಷವರ್ಷಕ್ಕೆ ದಪ್ಪವಾಗುತ್ತಿದೆ. ಇಂಥ ನಷ್ಟದ ವ್ಯಾಪಾರವನ್ನು ಇಷ್ಟು ಶ್ರದ್ಧೆಯಿಂದ ನಡೆಸಲು ಮಿದುಳು ಬೇಕೇ ಬೇಕು.