ನನ್ನ ಗರಡಿ ಪ್ರವೇಶ

ಅರುವತ್ತಾರನೆಯ ವಯಸ್ಸಿನಲ್ಲಿ ಹೆಂಗಸೊಬ್ಬಳು ಗರಡಿಗೆ ಸೇರಿದಳೆಂದರೆ ನಗುವವರು ನಗಲಿ. ಮೊದಲು ನಕ್ಕವಳು ನಾನೇ. ಆದರೆ ನಾನು ಸೇರಿದುದು ವಿನೋದಕ್ಕಾಗಿ ಅಲ್ಲ, ಭಯದಿಂದ.

ನನ್ನ ತಾಯಿಯವರು ತಮ್ಮ ಕಡೆಯ ವರ್ಷದಲ್ಲಿ ಒಂದು ಬೆಳಗಿನ ಜಾವ ಬಚ್ಚಲುಮನೆಯಲ್ಲಿ ಜಾರಿ ಕುಳಿತರು. ಎಲುಬು ಮುರಿಯಲಿಲ್ಲ, ಗಾಯವೂ ಆಗಲಿಲ್ಲ. ಆದರೂ ಮೇಲೇಳಲಾರದೆ, ಹಾಲಿನವನು ಬಂದು ಬಾಗಿಲು ತಟ್ಟುವವರೆಗೆ ಆ ಒದ್ದೆ ನೆಲದ ಮೇಲೆಯೇ ಕುಳಿತಿದ್ದರು. "ನೋವಾಗಲಿಲ್ಲ ಕಣೇ, ನಾಚಿಕೆಯಾಯಿತು" ಎಂದು ಆಮೇಲೆ ನನ್ನೊಡನೆ ಹೇಳಿದರು. ಕಳೆದ ಶ್ರಾವಣದಲ್ಲಿ ದೇವರ ಮುಂದೆ ರಂಗೋಲಿಯಿಟ್ಟು ನಾನು ಏಳಹೋದಾಗ ನನ್ನ ಕೈ ತಾನಾಗಿಯೇ ಗೋಡೆಯನ್ನು ಹುಡುಕಿತು. ನೋಡುತ್ತೇನೆ, ಗೋಡೆಯಲ್ಲಿ ಆ ಸ್ಥಳದಲ್ಲಿ ಅಂಗೈಯಗಲದ ಜಿಡ್ಡಿನ ಕಲೆ ಆಗಲೇ ಬಿದ್ದಿದೆ! ಎಷ್ಟು ದಿನಗಳಿಂದ ಹೀಗೆ ಏಳುತ್ತಿದ್ದೆನೋ ನನಗೇ ತಿಳಿದಿರಲಿಲ್ಲ.

ನಮ್ಮ ಬಡಾವಣೆಯಲ್ಲಿ ಬಟ್ಟೆಯಂಗಡಿಯೊಂದರ ಮಹಡಿಯ ಮೇಲೆ ಹೆಂಗಸರಿಗಾಗಿಯೇ ಮೀಸಲಾದ ಒಂದು ಜಿಮ್ ಇದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಆರೂವರೆಗೆ ಸಾಮೂಹಿಕ ವ್ಯಾಯಾಮ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, 65 ವರ್ಷ ದಾಟಿದವರು ವಾರಕ್ಕೆ 3 ದಿನವಾದರೂ ಬಲವನ್ನೂ ಸಮತೋಲನವನ್ನೂ ಬೆಳೆಸುವ ವ್ಯಾಯಾಮವನ್ನು ಮಾಡತಕ್ಕದ್ದೆಂದು ಹೇಳಿದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುವುದೆಂಬುದನ್ನು ಡಾಕ್ಟರರು ನನಗೆ ಮೊದಲೇ ತಿಳಿಸಿದ್ದರು. ಮೂರು ತಿಂಗಳ ಶುಲ್ಕವನ್ನು ಮಗನಿಗೆ ಹೇಳದೆ ನನ್ನ ಪಿಂಚಣಿಯಿಂದಲೇ ಕೊಟ್ಟೆನು.

ನಾನು ಹುಟ್ಟಿ ಬೆಳೆದುದು ಮೈಸೂರಿನ ಒಂದು ಹಳೆಯ ಬೀದಿಯಲ್ಲಿ. ಬೀದಿಯ ಕೊನೆಗೆ ಗರಡಿಮನೆಯಿದ್ದಿತು. ಅಣ್ಣನು ಸಂಜೆ ಅಲ್ಲಿಗೆ ಹೋಗಿ ಮೈಗೆಲ್ಲ ಕೆಮ್ಮಣ್ಣು ಮೆತ್ತಿಕೊಂಡು ಬರುತ್ತಿದ್ದನು. ನಾವು ಹುಡುಗಿಯರು ಆ ತಗ್ಗು ಬಾಗಿಲಲ್ಲಿ ಇಣುಕಿದರೂ ಗದರಿಕೆ ಕಾದಿರುತ್ತಿತ್ತು. ಹೆಂಗಸರಿಗೆ ಗರಡಿಯೇತಕ್ಕೆ, ನೀರು ಸೇದುವುದು, ರುಬ್ಬುವುದು, ಕುಟ್ಟುವುದು ಸಾಲದೆ ಎಂದು ಹಿರಿಯರು ಕೇಳುತ್ತಿದ್ದರು, ಈಗಲೂ ಕೇಳುವವರಿದ್ದಾರೆ. ಅವರಿಗೆ ನನ್ನದೊಂದು ಮಾತು: ನಲವತ್ತು ವರುಷ ಒರಳುಕಲ್ಲನ್ನು ತಿರುಗಿಸಿದವರೇ ನನ್ನ ತಾಯಿ. ದುಡಿಮೆಯು ಅವರ ದೇಹವನ್ನು ಸವೆಸಿತೇ ಹೊರತು ಅದಕ್ಕೆ ಏನನ್ನೂ ಹಿಂದಿರುಗಿಸಲಿಲ್ಲ.

ಮೊದಲನೆಯ ದಿನದ ನನ್ನ ಪಾಡನ್ನು ಏನೆಂದು ಹೇಳಲಿ! ಹದಿನೆಂಟು ಮಂದಿ ಹೆಂಗಸರು, ಗೋಡೆಯುದ್ದಕ್ಕೂ ಕನ್ನಡಿ, ಕಿವಿ ಗಡಚಿಕ್ಕುವ ಸಂಗೀತ. ಎಲ್ಲರೂ ಎಡಕ್ಕೆ ಸರಿದರೆ ನಾನು ಬಲಕ್ಕೆ. ಎಲ್ಲರೂ ಕೈಯೆತ್ತಿದರೆ ನಾನು ಕಾಲು. ಕೊಲಂಬಿಯ ದೇಶದ ನರ್ತಕನೊಬ್ಬನು ಹುಟ್ಟುಹಾಕಿದ ಜುಂಬಾ ಎಂಬ ಈ ಕುಣಿತವು ನನ್ನ ಕಾಲುಗಳಿಗೆ ಹೇಗೆ ಒಗ್ಗೀತು? ಎರಡನೆಯ ವಾರದಲ್ಲಿ, ಗುರುವಾದ ಹುಡುಗಿಯು ಎಂಟರ ತನಕ ಎಣಿಸುವುದನ್ನು ಕೇಳುತ್ತಿದ್ದಂತೆ, ಶಾಲೆಯಲ್ಲಿ ಕಲಿತ ಕೋಲಾಟವು ನೆನಪಾಯಿತು. ಕೋಲಿಲ್ಲದ ಕೋಲಾಟವೆಂದು ಭಾವಿಸಿದ ಮೇಲೆ ಹೆಜ್ಜೆಗಳು ತಾವಾಗಿಯೇ ಕೂಡಿಬಂದುವು. ಅವಳು ಸ್ಕ್ವಾಟ್ ಎನ್ನುವುದು ನಾವು ಗಣಪತಿಯ ಮುಂದೆ ಹೊಡೆಯುವ ಬಸ್ಕಿಯೇ ಎಂದು ತಿಳಿಸಿದೆನು. ಆಕೆಗೆ ಆ ಮಾತು ಹಿಡಿಸಿತು, ಅಂದಿನಿಂದ "ಆಂಟಿ, ಬಸ್ಕಿ!" ಎಂದೇ ಕೂಗುವಳು. ಆಂಟಿಯೆಂಬ ಸಂಬೋಧನೆಯು ನನಗೆ ಇನ್ನೂ ಹಿಡಿಸಿಲ್ಲ.

ನನ್ನ ಪಕ್ಕದಲ್ಲಿ ಒಬ್ಬ ಸೊಸೆ ನಿಲ್ಲುತ್ತಿದ್ದಳು. ವ್ಯಾಯಾಮದ ಉಡುಪನ್ನು ತರಕಾರಿಯ ಚೀಲದಲ್ಲಿ ಬಚ್ಚಿಟ್ಟು ತರುವಳು. ಹೋಗುವಾಗ ಕೆಳಗೆ ಎರಡು ಕಟ್ಟು ಸೊಪ್ಪು ಕೊಂಡು ಅದೇ ಚೀಲದ ಮೇಲುಗಡೆ ಇಟ್ಟುಕೊಳ್ಳುವಳು. ಮನೆಯಲ್ಲಿ ಹೇಳಿಲ್ಲವೆಂದು ನಗುನಗುತ್ತಲೇ ಹೇಳಿದ್ದಳು. ಕಾರ್ತಿಕದಿಂದೀಚೆಗೆ ಅವಳು ಬರಲಿಲ್ಲ. ವಿಚಾರಿಸೋಣವೆಂದರೆ, ನಾವು ಹೋಗಿ ಬಾಗಿಲು ತಟ್ಟಿದರೆ ಗುಟ್ಟು ರಟ್ಟಾದೀತೆಂಬ ಅಂಜಿಕೆ. ಅವಳು ನಿಲ್ಲುತ್ತಿದ್ದ ಸ್ಥಳವನ್ನು ನಾವು ಇಂದಿಗೂ ತೆರವಾಗಿಯೇ ಬಿಟ್ಟಿದ್ದೇವೆ.

ವ್ಯಾಯಾಮದ ಕೊನೆಯಲ್ಲಿ ಎಲ್ಲರೂ ಚಾಪೆಯ ಮೇಲೆ ಕುಳಿತು, ಕೈಯೂರದೆ ಎದ್ದು ನಿಲ್ಲಬೇಕು. ಕಿರಿಯರು ಚಿಗರೆಯಂತೆ ಏಳುವರು. ನನಗೆ ತಿಂಗಳುಗಳ ಕಾಲ ಕುರ್ಚಿಯೊಂದನ್ನು ತಂದಿಡುತ್ತಿದ್ದರು. ಮೊನ್ನೆ ಶುಕ್ರವಾರ ಆ ಹುಡುಗಿಯು ಕುರ್ಚಿಯನ್ನು ತರುವುದನ್ನು ಮರೆತಳೋ, ಬೇಕೆಂದೇ ತರಲಿಲ್ಲವೋ ಅರಿಯೆ. ಒಂದು ಮೊಣಕಾಲನ್ನು ಮುಂದಿಟ್ಟು, ಅದರ ಮೇಲೆ ಅಂಗೈಯಿಟ್ಟು, ಉಸಿರು ಬಿಗಿಹಿಡಿದು ಎದ್ದೆನು. ಉಸಿರು ಹಿಡಿಯಬಾರದೆಂದು ಅವಳು ಬೈದಳು. ಕೈಯೂರದೆ ಏಳುವುದು ಇನ್ನೂ ಆಗಿಲ್ಲ.

ಯುಗಾದಿಗೆ ಮುಂಚೆ ದೇವರಮನೆಯ ಗೋಡೆಗೆ ಬಣ್ಣ ಹೊಡೆಸಬೇಕೆಂದು ಮಗನಿಗೆ ಹೇಳಿದ್ದೇನೆ.