ಅಪ್ಪನ ಫಿಯೆಟ್ಟು, ಮಾರುತಿಯ ಫ್ಯಾನು

ಈ ಕಡೆ ತಲೆ ಹಾಕದೆ ತಿಂಗಳುಗಳೇ ಆಗಿಹೋದವು. ಬರೆಯೋಣ ಅಂತ ಕೂತಾಗಲೆಲ್ಲ ಉಗುರಿನ ಸಂದಿಯಲ್ಲಿ ಗ್ರೀಸು ಕಾಣೋದು, ಎದ್ದು ಮತ್ತೆ ಗಾಡಿ ಹತ್ತಿರ ಹೋಗೋದು. ಇದೇ ಆಯ್ತು. ಇವತ್ತು ಆ ಗ್ರೀಸಿನ ಕಥೆಯನ್ನೇ ಬರೆದುಬಿಡ್ತೀನಿ.

ನಮ್ಮನೆ ಗಾಡಿ 1978ರ ಪ್ರೀಮಿಯರ್ ಪದ್ಮಿನಿ. ಆದರೆ ಮನೆಯಲ್ಲಿ ಯಾರೂ ಅದನ್ನು ಪದ್ಮಿನಿ ಅಂದದ್ದಿಲ್ಲ. ಫಿಯೆಟ್ 1100 ಅಂತ ಇದ್ದ ಕಾರಿಗೆ 1974ರಲ್ಲಿ ಹೆಸರು ಬದಲಾಯಿಸಿದರೂ ಅಪ್ಪನ ತಲೆಮಾರಿನವರ ಬಾಯಲ್ಲಿ ಅದು ಫಿಯೆಟ್ಟಾಗೇ ಉಳೀತು. ಅಪ್ಪ ಇದನ್ನು ಸೆಕೆಂಡ್ ಹ್ಯಾಂಡ್ ಕೊಂಡದ್ದು 1988ರಲ್ಲಿ. ಆಗ ಕೊಡಿಗೇಹಳ್ಳಿ ನಿಜವಾಗಿಯೂ ಹಳ್ಳಿ. ಗೇಟ್ ಹತ್ತಿರ ಬಳ್ಳಾರಿ ರಸ್ತೆಗೆ ಇಳಿದರೆ ಮೇಖ್ರಿ ಸರ್ಕಲ್‌ವರೆಗೂ ಬ್ರೇಕ್ ಮುಟ್ಟಬೇಕಾಗಿರಲಿಲ್ಲ ಅಂತ ಅಪ್ಪ ಇವತ್ತಿಗೂ ಹೇಳ್ತಾರೆ. ಅರ್ಧ ನಂಬಬಹುದು :-)

2024ರ ಬೇಸಿಗೆ ನೆನಪಿದೆಯಲ್ಲ? ಬೋರ್‌ವೆಲ್ಲುಗಳು ಕೈಕೊಟ್ಟು, ಕುಡಿಯೋ ನೀರಲ್ಲಿ ಕಾರು ತೊಳೆದರೆ ಐದು ಸಾವಿರ ದಂಡ ಅಂತ ಜಲಮಂಡಳಿ ಮಾರ್ಚ್‌ನಲ್ಲಿ ಆದೇಶ ಹೊರಡಿಸಿತ್ತು. ಏಪ್ರಿಲ್ 28ಕ್ಕೆ ಬೆಂಗಳೂರಿನಲ್ಲಿ 38.5 ಡಿಗ್ರಿ. ಅದಕ್ಕೆ ಎರಡು ಮೂರು ದಿನ ಮುಂಚೆ ಮಲ್ಲೇಶ್ವರದಲ್ಲಿ ಒಂದು ಮದುವೆ ಮುಗಿಸಿ ವಾಪಸ್ ಬರ್ತಾ ಇದ್ವಿ. ಅಪ್ಪ ಸ್ಟಿಯರಿಂಗ್‌ನಲ್ಲಿ, ನಾನು ಪಕ್ಕದಲ್ಲಿ, ಅಮ್ಮ ಹಿಂದೆ. ಹೆಬ್ಬಾಳದ ಫ್ಲೈಓವರ್ ಹತ್ತೋ ಮುಂಚೆ ಮೆಟ್ರೋ ಕಾಮಗಾರಿಯ ಬ್ಯಾರಿಕೇಡುಗಳ ನಡುವೆ ಅರ್ಧ ಗಂಟೆ ನಿಂತೆವು. ಬಾನೆಟ್ಟಿನಿಂದ ಹಬೆ.

ಅಪ್ಪ ಗಾಡಿ ಪಕ್ಕಕ್ಕೆ ಹಾಕಿ ಇಳಿದರು. ನಾನು ಫೋನ್ ನೋಡ್ತಾ ಕೂತಿದ್ದೆ. ನಿಜ ಹೇಳ್ತೀನಿ, ನೋಡ್ತಾನೇ ಇದ್ದೆ. ನೀರಿನ ಬಾಟಲಿ ಹಿಡಕೊಂಡು ನಾನು ಇಳಿಯೋಷ್ಟರಲ್ಲಿ ಅಪ್ಪ ಟವೆಲ್ ಹಾಕಿ ರೇಡಿಯೇಟರ್ ಮುಚ್ಚಳ ತಿರುಗಿಸಿದ್ದರು. ಮೂವತ್ತಾರು ವರ್ಷದಿಂದ ಆ ಗಾಡಿ ಓಡಿಸಿದ ಮನುಷ್ಯ. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೂ ಸುಟ್ಟುಹೋಯಿತು.

ಆ ಮುಚ್ಚಳ ಬರೀ ಮುಚ್ಚಳ ಅಲ್ಲ ಅಂತ ನನಗೆ ಗೊತ್ತಾಗಿದ್ದು ಆಮೇಲೆ. ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿರುವ ನಮ್ಮೂರಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ನಮ್ಮ ಗಾಡಿಗೆ ಹಾಕಿರೋದು 7 ಪಿಎಸ್‌ಐ ಮುಚ್ಚಳ. ಅದು ಒತ್ತಡ ಹಿಡಿದಿಟ್ಟು ಕುದಿಯೋದನ್ನು 108ರ ಆಸುಪಾಸಿಗೆ ಮುಂದಕ್ಕೆ ಹಾಕುತ್ತೆ. ತೆಗೆದ ತಕ್ಷಣ ಒತ್ತಡ ಇಳಿಯುತ್ತೆ, ಅಲ್ಲಿವರೆಗೆ ನೀರಾಗಿದ್ದದ್ದರಲ್ಲಿ ಒಂದಿಷ್ಟು ಆ ಕ್ಷಣಕ್ಕೇ ಹಬೆಯಾಗಿ ಮಿಕ್ಕ ಕುದಿನೀರನ್ನೂ ಎತ್ತಿಕೊಂಡು ಮೇಲೆ ಬರುತ್ತೆ. ಟವೆಲ್ಲಿಗೆ ಅದೆಲ್ಲ ಎಲ್ಲಿ ಗೊತ್ತು.

ಗಾಯ ಮೂರು ವಾರದಲ್ಲಿ ಒಣಗಿತು. ಕಾರಿನ ಕೀ ಮಾತ್ರ ಮೊಳೆಯಲ್ಲೇ ನೇತಾಡ್ತಾ ಇತ್ತು. ಅಪ್ಪ ಏನೂ ಹೇಳಲಿಲ್ಲ. ಹಾಲಿನ ಬೂತಿಗೆ ನಡೆದುಕೊಂಡು ಹೋಗೋಕೆ ಶುರುಮಾಡಿದರು. ಜೂನ್‌ನಲ್ಲಿ ಒಂದು ದಿನ ಊಟಕ್ಕೆ ಕೂತಾಗ "ಯಾರಾದ್ರೂ ಕೇಳಿದ್ರೆ ಕೊಟ್ಬಿಡು" ಅಂದರು. ತಟ್ಟೆ ನೋಡಿಕೊಂಡೇ ಅಂದರು.

ನಾನು ಆಟೋಮೊಬೈಲ್ ಓದಿದವನಲ್ಲ. ಆದರೂ ಒಂದು ವಿಷಯ ತಲೆಗೆ ಹೊಳೆದಿತ್ತು. ಹಳೇ ಗಾಡಿಯ ಫ್ಯಾನು ಅಂದರೆ ಇಂಜಿನ್ನಿನ ಬೆಲ್ಟಿಗೆ ಕಟ್ಟಿದ ಎತ್ತು. ಇಂಜಿನ್ ಜೋರಾಗಿ ತಿರುಗಿದರೆ ಜೋರಾಗಿ ತಿರುಗುತ್ತೆ, ನಿಧಾನವಾದರೆ ನಿಧಾನ. ಹೈವೇಯಲ್ಲಿ ಅರವತ್ತರಲ್ಲಿ ಹೋಗುವಾಗ ಎದುರುಗಾಳಿಯೇ ಸಾಕು, ಫ್ಯಾನೇ ಬೇಡ. ಆಗ ಇದು ಭರ್ರೋ ಅಂತ ತಿರುಗಿ ಪೆಟ್ರೋಲ್ ತಿನ್ನುತ್ತೆ. ಸಿಗ್ನಲ್ಲಿನಲ್ಲಿ ಗಾಳಿ ಒಂಚೂರೂ ಇಲ್ಲದಾಗ, ನಿಜವಾಗಿ ಬೇಕಾದಾಗ, ಇದು ತೂಕಡಿಸುತ್ತೆ! ಬ್ರೇಕ್ ಮುಟ್ಟದೆ ಮೇಖ್ರಿ ಸರ್ಕಲ್ ತಲುಪೋ ಕಾಲಕ್ಕೆ ಅದೇ ಸರಿ ಇತ್ತು. 2003ರಲ್ಲಿ ಹೆಬ್ಬಾಳ ಫ್ಲೈಓವರ್ ಬಂತು, 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂತು, ಅಲ್ಲಿಗೆ ಹೋಗೋ ಊರೆಲ್ಲ ನಮ್ಮ ಗೇಟ್ ಮುಂದೆಯೇ ಹಾದು ಹೋಗೋಕೆ ಶುರುವಾಯ್ತು. ಗಾಡಿ ಮಾತ್ರ 1978ರದ್ದೇ.

ಮಾರುತಿ 800ರಲ್ಲಿ ಈ ತಾಪತ್ರಯ ಇಲ್ಲ. ಅದರ ಇಂಜಿನ್ ಅಡ್ಡಡ್ಡ ಕೂತಿರೋದರಿಂದ ಮುಂದಿನ ರೇಡಿಯೇಟರಿಗೆ ಬೆಲ್ಟಿನಿಂದ ಫ್ಯಾನು ತಿರುಗಿಸೋದು ಕಷ್ಟ. ಅದಕ್ಕೇ ಕರೆಂಟ್ ಫ್ಯಾನು. ನೀರು ಬಿಸಿಯಾದರೆ ಆನ್, ತಣ್ಣಗಾದರೆ ಆಫ್. ಇಂಜಿನ್ ಎಷ್ಟು ನಿಧಾನವಾದರೂ ಅದಕ್ಕೆ ಸಂಬಂಧವಿಲ್ಲ. ಅದನ್ನೇ ಫಿಯೆಟ್ಟಿಗೆ ಹಾಕಿದರೆ?

ಅಪ್ಪ ಒಪ್ಪಲಿಲ್ಲ. "ಒರಿಜಿನಲ್ ಕೆಡಿಸಬೇಡ". ಇದಕ್ಕೆ ಮಾತ್ರ ನನಗೆ ನಗು ಬಂತು. ಸ್ಟಿಯರಿಂಗ್ ಪಕ್ಕದಲ್ಲಿದ್ದ ಗೇರ್ ಲಿವರನ್ನು ಕಿತ್ತು ಕೆಳಗೆ ಹಾಕಿಸಿದವರು ಯಾರು? ಉದ್ದ ಸೀಟು ತೆಗೆದು ಬಕೆಟ್ ಸೀಟು ಮಾಡಿಸಿದವರು? 1996ರಲ್ಲಿ ಅಮ್ಮನಿಗೆ ಸೆಕೆ ಅಂತ ಡ್ಯಾಶ್‌ಬೋರ್ಡ್ ಕೆಳಗೆ ಎಸಿ ಜೋತುಬಿಡಿಸಿದವರು? ಆ ಎಸಿಯ ಕಂಡೆನ್ಸರ್ ಕೂತಿರೋದು ಸೀದಾ ರೇಡಿಯೇಟರ್ ಎದುರಿಗೆ. ಬಿಸಿಗಾಳಿ ಉಗುಳಿ ಉಗುಳಿ ಅರ್ಧ ಕಾಯಿಲೆ ತಂದಿದ್ದೇ ಅದು. ಇದೆಲ್ಲ ಹೇಳಿದ ಮೇಲೆ ಅಪ್ಪ ಎದ್ದು ಹೋದರು. ಬೇಡ ಅನ್ನಲಿಲ್ಲ ಅಂತ ನಾನು ಅರ್ಥ ಮಾಡ್ಕೊಂಡೆ.

ಶಿವಾಜಿನಗರದ ಗುಜರಿಯಲ್ಲಿ ಮಾರುತಿಯ ಹಳೇ ಫ್ಯಾನು ಒಂಬೈನೂರು ರೂಪಾಯಿಗೆ ಸಿಕ್ಕಿತು. ಆ ಖುಷಿಯಲ್ಲಿ ಕೆಲಸ ಎರಡು ಭಾನುವಾರದ್ದು ಅಂದ್ಕೊಂಡೆ. ನಾಲ್ಕು ತಿಂಗಳು ಹಿಡೀತು. ಮೊದಲು ರೇಡಿಯೇಟರನ್ನು ಬಿಚ್ಚಿ ಜೆ.ಸಿ. ರಸ್ತೆಯಲ್ಲಿ ಕೊಟ್ಟೆ. ಮೇಲಿನ ಟ್ಯಾಂಕ್ ಬೆಸುಗೆ ಬಿಡಿಸಿ ಒಳಗೆ ತೋರಿಸಿದರು. ಕೊಳವೆಗಳಲ್ಲಿ ಮೂರರಲ್ಲೊಂದು ಪಾಲು ಮುಚ್ಚಿಹೋಗಿದ್ದವು. ಬಿಸಿನೀರಿನ ಹಂಡೆಯ ತಳದಲ್ಲಿ ಕಟ್ಟುತ್ತಲ್ಲ ಬಿಳಿ ಹಕ್ಕಳೆ, ಅದೇ. ಮೂವತ್ತು ವರ್ಷ ಮನೆಯ ಬೋರ್‌ವೆಲ್ ನೀರನ್ನೇ ಅದಕ್ಕೆ ಕುಡಿಸಿದ್ದರ ಫಲ. ಹಾಗಾಗಿ ಯಾರಾದರೂ ಇಂಥ ಕೆಲಸಕ್ಕೆ ಇಳಿಯೋದಾದರೆ ಫ್ಯಾನಿಗೆ ದುಡ್ಡು ಹಾಕೋ ಮುಂಚೆ ಇದನ್ನು ನೋಡಿಸಿ. ಕಟ್ಟಿಕೊಂಡ ರೇಡಿಯೇಟರಿಗೆ ಎಂಥ ಫ್ಯಾನು ಹಾಕಿದರೂ ಅಷ್ಟೇ. ಈಗ ಡಿಸ್ಟಿಲ್ಡ್ ವಾಟರ್ ಅರ್ಧ, ಕೂಲಂಟ್ ಅರ್ಧ.

ಆಮೇಲೆ ಡೈನಮೋ. ಫ್ಯಾನು ಸುಮಾರು ಎಂಟು ಆಂಪಿಯರ್ ಎಳೆಯುತ್ತೆ, ಶುರುವಾಗುವಾಗ ಇನ್ನೂ ಜಾಸ್ತಿ. ಡೈನಮೋದ್ದೂ ಆ ಬೆಲ್ಟ್ ಫ್ಯಾನಿನ ಜಾತಕವೇ, ಗಾಡಿ ನಿಂತಾಗ ಅದೂ ತೂಕಡಿಸುತ್ತೆ. ಅದನ್ನು ತೆಗೆದು ಆಲ್ಟರ್ನೇಟರ್, ಅದಕ್ಕೊಂದು ಬ್ರಾಕೆಟ್ ಮಾಡಿಸಲು ಲೇತ್ ಅಂಗಡಿಗೆ ಮೂರು ಸಲ ಓಡಾಟ. ವಾಟರ್ ಪಂಪಿನ ಮುಂದಿದ್ದ ಹಳೇ ಫ್ಯಾನಿನ ರೆಕ್ಕೆ ಬಿಚ್ಚಿದೆ (ಬೆಲ್ಟ್ ಇರಲೇಬೇಕು, ಪಂಪ್ ತಿರುಗೋದು ಅದರಿಂದಲೇ). ಮುಂದೆ ಕಂಡೆನ್ಸರ್ ಇರೋದರಿಂದ ಹೊಸದನ್ನು ರೇಡಿಯೇಟರ್ ಹಿಂದೆ, ಚೌಕಟ್ಟಿಗೆ ಪಟ್ಟಿ ಕೊಟ್ಟು ಕೂರಿಸಿದೆ. ಮೇಲಿನ ಹೋಸ್ ಕತ್ತರಿಸಿ ನಡುವೆ ಹಿತ್ತಾಳೆ ತುಂಡು, ಅದರಲ್ಲಿ 92ಕ್ಕೆ ಆನ್ 87ಕ್ಕೆ ಆಫ್ ಆಗೋ ಸ್ವಿಚ್ಚು. ರಿಲೇ, ಫ್ಯೂಸು. ಕೀ ತೆಗೆದ ಮೇಲೂ ತಿರುಗೋ ಹಾಗೆ ಮಾಡು ಅಂತ ಕೆಲವರು ಹೇಳಿದರು. ಪಂಪ್ ನಿಂತ ಮೇಲೆ ನೀರೇ ಸರಿಯಾಗಿ ಓಡಲ್ಲ, ಬ್ಯಾಟರಿ ಖಾಲಿಯಾಗೋದಷ್ಟೇ ಲಾಭ ಅನ್ನಿಸಿ ಬಿಟ್ಟೆ.

ಮೊದಲ ಸಲ ಸ್ಟಾರ್ಟ್ ಮಾಡಿ ಕಾದೆ. ಫ್ಯಾನು ತಿರುಗಿತು! ಆದರೂ ಮುಳ್ಳು ಏರ್ತಾನೇ ಇತ್ತು. ಆಫ್ ಮಾಡಿ ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ಹಿಂದಿನಿಂದ ಅಪ್ಪ ಬಂದರು. ಕೈಯಲ್ಲಿ ಅವತ್ತಿನ ಪ್ರಜಾವಾಣಿ. "ಮತ್ತೆ ಹಾಕು" ಅಂದರು. ಒಂದು ಹಾಳೆ ಹರಿದು ಗ್ರಿಲ್ಲಿಗೆ ಹಿಡಿದರು. ಅದು ಒಳಕ್ಕೆ ಅಂಟಿಕೊಳ್ಳೋ ಬದಲು ಹೊರಕ್ಕೆ ಪಟಪಟ ಹಾರಿತು.

"ಗಾಳಿ ಉಲ್ಟಾ ಊದ್ತಾ ಇದೆಯಲ್ಲೋ."

ಪ್ಲಸ್ಸು ಮೈನಸ್ಸು ಅದಲುಬದಲು ಮಾಡಿದ್ದೆ. ಇಂಥ ಮೋಟರಿಗೆ ವೈರ್ ತಿರುಗಿಸಿ ಕೊಟ್ಟರೆ ತಕರಾರಿಲ್ಲದೆ ಹಿಮ್ಮುಖ ತಿರುಗುತ್ತೆ. ಎರಡು ನಿಮಿಷದ ಕೆಲಸ. ಸರಿ ಮಾಡಿದ ಮೇಲೆ ಪೇಪರು ಗ್ರಿಲ್ಲಿಗೆ ಕಚ್ಚಿಕೊಂಡು ಕೂತಿತು. ಅಪ್ಪ ಅದನ್ನು ಎರಡೆರಡು ಸಲ ತೆಗೆದು ಇಟ್ಟು ನೋಡಿದರು. ಕೈ ಮೇಲಿನ ಕಲೆ ಆಗ ಇನ್ನೂ ಗುಲಾಬಿ ಬಣ್ಣಕ್ಕಿತ್ತು.

ಆಮೇಲೆ ಗೊತ್ತಾಗಿದ್ದು ಇನ್ನೊಂದು. ಹಳೇ ಫ್ಯಾನಿನ ಸದ್ದು ಅಪ್ಪನಿಗೆ ಕೇಳಿಸ್ತಿತ್ತು, ಇದರದ್ದು ಕೇಳಿಸಲ್ಲ. ನನಗೆ ಚೆನ್ನಾಗಿ ಕೇಳಿಸುತ್ತೆ. ಕಿವಿ ಅಷ್ಟು ಮಂದವಾಗಿದೆ ಅಂತ ಅಲ್ಲಿವರೆಗೆ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ, ಅವರೂ ಹೇಳಿರಲಿಲ್ಲ. ನಾನೂ ಆ ಮಾತು ಎತ್ತಲಿಲ್ಲ. ಫ್ಯಾನಿನ ವೈರಿನಿಂದಲೇ ಒಂದು ಎಳೆ ತೆಗೆದು ಡ್ಯಾಶ್‌ಬೋರ್ಡಿನಲ್ಲಿ ಒಂದು ಹಸಿರು ದೀಪ ಹಾಕಿದೆ. ಫ್ಯೂಸ್ ಹೋದರೆ ಅದೂ ಹತ್ತಲ್ಲ. ಪಕ್ಕದಲ್ಲೇ ಒಂದು ಸ್ವಿಚ್ಚು, ಆಟೋಮ್ಯಾಟಿಕ್ ಕೈಕೊಟ್ಟರೆ ಕೈಯಿಂದ ಹಾಕಿಕೊಳ್ಳೋಕೆ.

ದಸರಾ ಆದ ಮೇಲಿನ ಭಾನುವಾರ ಕೀ ಮೊಳೆಯಲ್ಲಿರಲಿಲ್ಲ. ಹೊರಗೆ ಬಂದು ನೋಡಿದರೆ ಅಪ್ಪ ಆಗಲೇ ಸ್ಟಿಯರಿಂಗ್ ಹಿಂದೆ, ಅಮ್ಮ ಸೀರೆ ಉಟ್ಟು ಪಕ್ಕದಲ್ಲಿ. ನಾನು ಹಿಂದೆ ಹತ್ತಿದೆ. ಈ ಸಲ ಫೋನ್ ಮನೆಯಲ್ಲೇ ಬಿಟ್ಟಿದ್ದೆ. ಗೇಟ್ ಸಿಗ್ನಲ್ ದಾಟಿ ಹೆಬ್ಬಾಳದ ಕಡೆಗೆ ತೆವಳೋಕೆ ಶುರುವಾಯ್ತು. ಐದು ನಿಮಿಷ, ಹತ್ತು ನಿಮಿಷ. ಮುಂದೆ ಏರ್‌ಪೋರ್ಟ್ ಬಸ್ಸಿನ ಬೆನ್ನು ಬಿಟ್ಟು ಏನೂ ಕಾಣಲಿಲ್ಲ. ಅಪ್ಪನ ಬೆರಳು ಸ್ಟಿಯರಿಂಗ್ ಮೇಲೆ ತಾಳ ಹಾಕ್ತಿತ್ತು.

ದೀಪ ಹತ್ತಿತು.

"ನೋಡೇ, ಹತ್ತಿತು" ಅಂತ ಅಪ್ಪ ಅಮ್ಮನಿಗೆ ತೋರಿಸಿದರು.

ಅಮ್ಮ ಸೆರಗಿನಿಂದ ಗಾಳಿ ಬೀಸಿಕೊಳ್ತಾ ಅಂದಳು, "ಹತ್ತಲಿ, ಮೊದ್ಲು ಆ ಎಸಿ ಹಾಕ್ರೀ."